ಇಲ್ಲದ ಕಾಲಿನ ನೋವು

ಕಳೆದುಹೋದ ಕಾಲಿಗೆ ಪ್ರತಿಯಾಗಿ ಮತ್ತೊಂದು ಕಾಲನ್ನು ಜೋಡಿಸುವ ಪ್ರಯತ್ನವು ಮನುಷ್ಯನಿಗೆ ಹೊಸದಲ್ಲ. ಋಗ್ವೇದದಲ್ಲಿ ವಿಶ್ಪಲೆ ಎಂಬವಳ ಪ್ರಸಂಗವು ಹಲವೆಡೆ ಸೂಚಿತವಾಗಿರುವುದು. ಖೇಲನೆಂಬವನ ಕಾಳಗದಲ್ಲಿ ರಾತ್ರಿಯ ವೇಳೆ ಆಕೆಯ ಕಾಲು ತುಂಡಾಗಲು, ದೇವವೈದ್ಯರಾದ ಅಶ್ವಿನೀದೇವತೆಗಳು ಲೋಹದ ಕಾಲೊಂದನ್ನು ಜೋಡಿಸಿ ಆಕೆಯು ಮತ್ತೆ ನಡೆಯುವಂತೆ ಮಾಡಿದರೆಂದು ಸಾಯಣಾಚಾರ್ಯರು ವಿವರಿಸುವರು. ಹೊಸ ಕಾಲು ದೊರೆತ ಸಂಗತಿಯನ್ನು ಋಷಿಗಳು ಹಾಡಿದ್ದಾರೆ; ಹೋದ ಕಾಲು ಆ ಬಳಿಕ ಆಕೆಯನ್ನು ನೋಯಿಸಿತೋ ಇಲ್ಲವೋ ಎಂಬುದನ್ನು ಮಾತ್ರ ಹೇಳಿಲ್ಲ. ಈ ಪ್ರಶ್ನೆಯೇ ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಹೋದ ಕಾಲು ನೋಯುವುದುಂಟೆ? ಉಂಟು. ಆ ನೋವನ್ನು ಶಮನಗೊಳಿಸತಕ್ಕ ಸಾಧನಗಳಲ್ಲಿ ಅತ್ಯಂತ ಸುಲಭವಾದುದು ಪ್ರತಿಯೊಬ್ಬರ ಮನೆಯಲ್ಲಿಯೂ ಇರುವುದು. ಇವೆರಡನ್ನೂ ಗೃಹಸ್ಥರಿಗೆ ತಿಳಿಸಬೇಕೆಂಬುದೇ ಈ ಲೇಖನದ ಉದ್ದೇಶ.

ನಮ್ಮ ನಗರದಲ್ಲಿ ಇಂದು ಕಾಲು ಕಳೆದುಕೊಳ್ಳುವವರಲ್ಲಿ ಬಹುಮಂದಿ ಯುದ್ಧದಿಂದ ಬಂದವರಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿ, ಚಪ್ಪಲಿ ಕಚ್ಚಿದ ಸಣ್ಣ ಗಾಯವೇ ಕೊಳೆತು ಹೋಗುವುದುಂಟು. ಬೀಡಿ ಸಿಗರೇಟುಗಳ ಅಭ್ಯಾಸದಿಂದ ರಕ್ತನಾಳಗಳು ಮುಚ್ಚಿಹೋಗುವುದುಂಟು. ರಸ್ತೆಯ ಅಪಘಾತಗಳು ಹರೆಯದವರನ್ನು ಕೆಡಹುತ್ತವೆ. ಮೂಳೆಯ ಅರ್ಬುದವು ಮಕ್ಕಳನ್ನೂ ಬಿಡದು. ಇಂತಹ ಆಪತ್ತು ಬಂದೊದಗಿದಾಗ ಮನೆಯವರ ಲಕ್ಷ್ಯವೆಲ್ಲ ಎರಡು ವಿಷಯಗಳಲ್ಲಿ ನೆಟ್ಟಿರುವುದು. ಗಾಯವು ಎಂದಿಗೆ ಮಾಯುವುದು? ಕೃತಕ ಕಾಲು ಎಂದಿಗೆ ಬರುವುದು? ಇವೆರಡರ ನಡುವೆ ಮೂರನೆಯ ಕಷ್ಟವೊಂದು ರೋಗಿಯ ಹಾಸಿಗೆಯಲ್ಲಿ ಸದ್ದಿಲ್ಲದೆ ಬಂದು ಕುಳಿತಿರುವುದನ್ನು ಬಹುಮಂದಿ ಅರಿಯರು.

ಅಂಗಚ್ಛೇದನವಾದವರಲ್ಲಿ ಬಹುಪಾಲು ಜನರಿಗೆ ಹೋದ ಅಂಗವು ಇನ್ನೂ ಇದ್ದಂತೆಯೇ ಅನಿಸುವುದು. ಇಲ್ಲದ ಪಾದವು ತುರಿಸುವುದು. ಇಲ್ಲದ ಬೆರಳಿನಲ್ಲಿ ಉಂಗುರವು ಬಿಗಿಯುವುದು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ಅಂಗವು ನೋಯಲೂ ನೋಯುವುದು: ಉರಿದಂತೆ, ಸೂಜಿಯಿಂದ ಚುಚ್ಚಿದಂತೆ, ಹಿಂಡಿದಂತೆ, ಮಿಂಚು ಹರಿದಂತೆ. ಕೆಲವರಿಗೆ ಇದು ಕ್ಷಣಮಾತ್ರದ್ದು. ಮತ್ತೆ ಕೆಲವರಿಗೆ ರಾತ್ರಿಯೆಲ್ಲ ಇರುವುದು. ಆಂಗ್ಲ ಭಾಷೆಯಲ್ಲಿ ಇಂತಹ ಅಂಗವನ್ನು ‘ಫ್ಯಾಂಟಮ್ ಲಿಂಬ್’ ಎನ್ನುವರು. ನಾವು ‘ಛಾಯಾಂಗ’ ಎಂದು ಕರೆಯೋಣ.

ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ ವಾಸವಾಗಿರುವ ನಮ್ಮ ಹಳೆಯ ಮಿತ್ರರೊಬ್ಬರಿಗೆ ಮಧುಮೇಹದ ದೆಸೆಯಿಂದ ಎಡಗಾಲನ್ನು ಮೊಳಕಾಲಿನ ಕೆಳಗೆ ತೆಗೆಯಬೇಕಾಯಿತು. ಎರಡು ತಿಂಗಳಲ್ಲಿ ಗಾಯವು ಚೆನ್ನಾಗಿ ಮಾಯ್ದಿತು. ಆದರೂ ಅವರು ದಿನೇದಿನೇ ಸೊರಗುತ್ತ, ರಾತ್ರಿಯಲ್ಲಿ ನಿದ್ರೆಯಿಲ್ಲದೆ ಹಜಾರದ ಕುರ್ಚಿಯಲ್ಲಿ ಕುಳಿತೇ ಬೆಳಗು ಮಾಡುತ್ತಿದ್ದರು. ನಾವು ನೋಡಲು ಹೋದ ದಿನ, ಅವರ ಮನೆಯವರು ಕಾಫಿ ತರಲು ಒಳಗೆ ಹೋದ ಸಮಯವನ್ನು ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು:

“ಮೇಷ್ಟ್ರೇ, ನಿಮಗೊಬ್ಬರಿಗೇ ಹೇಳುತ್ತೇನೆ, ನಗಬೇಡಿ. ಇಲ್ಲದ ಹೆಬ್ಬೆರಳನ್ನು ಯಾರೋ ಇಕ್ಕಳದಲ್ಲಿ ಹಿಡಿದು ತಿರುಚಿದ ಹಾಗಾಗುತ್ತದೆ. ಮಗನಿಗೆ ಹೇಳಿದರೆ ಅಪ್ಪನಿಗೆ ಬುದ್ಧಿ ಕೆಟ್ಟಿತು ಎಂದುಕೊಂಡಾನು.”

ಮನೆಯವರಿಗೆ ಇದು ಸ್ವಲ್ಪಮಟ್ಟಿಗೆ ತಿಳಿಯದೆ ಇರಲಿಲ್ಲ. ತೆಗೆದ ಕಾಲಿಗೆ ಸರಿಯಾದ ಸಂಸ್ಕಾರವಾಗಲಿಲ್ಲವೆಂದೂ, ಶಾಂತಿಯೊಂದನ್ನು ಮಾಡಿಸಬೇಕೆಂದೂ ಆ ತಾಯಿಯ ಮನಸ್ಸಿನಲ್ಲಿತ್ತು. ನೋಡಲು ಬಂದ ಬಂಧುವೊಬ್ಬರು, “ಎಲ್ಲಾ ಮನಸ್ಸಿನ ಭ್ರಮೆ, ಗಟ್ಟಿಮನಸ್ಸು ಮಾಡಿಕೊಳ್ಳಿ ಭಾವ” ಎಂದು ಉಪದೇಶಿಸಿ ಹೋಗಿದ್ದರು. ಹೀಗೆ ಒಬ್ಬರು ದೋಷವೆಂದೂ, ಒಬ್ಬರು ಭ್ರಮೆಯೆಂದೂ ಭಾವಿಸಿದ ಮೇಲೆ, ನೋಯುತ್ತಿದ್ದವರಿಗೆ ಬಾಯಿ ಮುಚ್ಚಿಕೊಂಡಿರುವುದೊಂದೇ ದಾರಿಯಾಗಿ ಉಳಿದಿತ್ತು.

ಇಲ್ಲಿ ಒಂದು ಮಾತನ್ನು ವಿಚಾರಿಸಬೇಕು. ಹಗ್ಗವನ್ನು ಹಾವೆಂದು ಭ್ರಮಿಸಿದವನ ದೃಷ್ಟಾಂತವನ್ನು ವೇದಾಂತಶ್ರವಣ ಮಾಡಿದವರೆಲ್ಲರೂ ಬಲ್ಲರು. ಹಾವು ಇಲ್ಲವೆಂಬುದು ದಿಟ. ಕಂಡವನ ಎದೆ ನಡುಗಿದುದೂ ಮೈ ಬೆವೆತುದೂ ಅಷ್ಟೇ ದಿಟ. ದೀಪವನ್ನು ತಂದು ಹಗ್ಗವನ್ನು ತೋರಿಸಿದರೆ ಅವನ ನಡುಕವು ನಿಲ್ಲುವುದು. ಆದರೆ ಕಾಲು ಕಳೆದುಕೊಂಡವನ ಅವಸ್ಥೆ ಇದಕ್ಕಿಂತಲೂ ಕಠಿನವಾದುದು. ಕಾಲಿಲ್ಲವೆಂಬ ಜ್ಞಾನವು ಅವನಿಗೆ ಮೊದಲೇ ಇರುವುದು. ಹಗಲಿನ ಬೆಳಕಿನಲ್ಲಿ ಅವನು ಅದನ್ನು ಕಣ್ಣಾರೆ ಕಾಣುವನು. ಜ್ಞಾನವಿದ್ದರೂ ನೋವು ಹೋಗದು. ಆದುದರಿಂದ ‘ಅದು ಭ್ರಮೆ’ ಎಂದು ತಿಳಿಯಹೇಳುವುದರಿಂದ ಅವನಿಗೆ ಯಾವ ಪ್ರಯೋಜನವೂ ಇಲ್ಲ. ‘ವೇದನೆ’ ಎಂಬ ಶಬ್ದವು ‘ವಿದ್’ ಧಾತುವಿನಿಂದ ಬಂದುದು. ಅರಿವು ಎಂಬುದೇ ಅದರ ಮೂಲಾರ್ಥ. ಅರಿಯುವವನು ಇರುವ ತನಕ ವೇದನೆಯು ಸತ್ಯವೇ ಸರಿ. ಅದು ಕಾಲಿನಲ್ಲಿಲ್ಲ, ಅರಿಯುವ ಸ್ಥಾನದಲ್ಲಿದೆ.

ವೈದ್ಯಲೋಕವು ಈ ಸತ್ಯವನ್ನು ಒಪ್ಪಿಕೊಳ್ಳಲು ಬಹುಕಾಲ ಹಿಡಿಯಿತು. ಹದಿನಾರನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಶಸ್ತ್ರವೈದ್ಯನಾದ ಆಂಬ್ರ್ವಾಸ್ ಪಾರೆ ಎಂಬವನು, ಕಾಲು ತೆಗೆಸಿಕೊಂಡ ಸೈನಿಕರು ಆ ಕಾಲೇ ನೋಯುತ್ತಿದೆಯೆಂದು ಗೋಳಿಡುವುದನ್ನು ಕಂಡು ಬರೆದಿಟ್ಟನು. ೧೭೯೭ರಲ್ಲಿ ಬಲಗೈಯನ್ನು ಕಳೆದುಕೊಂಡ ಆಂಗ್ಲ ನೌಕಾಪತಿ ನೆಲ್ಸನ್ನನಿಗೂ ಈ ಅನುಭವವಾಯಿತೆಂದೂ, ಆತ್ಮವು ಇರುವುದಕ್ಕೆ ಇದೇ ಪ್ರಮಾಣವೆಂದು ಅವನು ಭಾವಿಸಿದನೆಂದೂ ಹೇಳುವರು. ಅಮೆರಿಕಾ ದೇಶದ ಅಂತರ್ಯುದ್ಧದಲ್ಲಿ ಗಾಯಗೊಂಡವರಿಗೆ ಚಿಕಿತ್ಸೆ ಮಾಡಿದ ಸೈಲಸ್ ವಿಯರ್ ಮಿಚೆಲ್ ಎಂಬ ವೈದ್ಯನು ೧೮೭೧ರಲ್ಲಿ ಇದಕ್ಕೆ ‘ಫ್ಯಾಂಟಮ್ ಲಿಂಬ್’ ಎಂಬ ಹೆಸರನ್ನು ಬಳಕೆಗೆ ತಂದನು.

ಕಾರಣವನ್ನು ತಿಳಿಯಬೇಕಾದರೆ ಮಿದುಳಿನ ವಿಷಯವಾಗಿ ಸ್ವಲ್ಪ ಹೇಳಬೇಕಾಗುವುದು. ಕೆನಡಾ ದೇಶದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಎಂಬವನು, ಎಚ್ಚರದಲ್ಲಿರುವ ರೋಗಿಗಳ ಮಿದುಳಿನ ಮೇಲ್ಭಾಗವನ್ನು ಅಲ್ಪವಾದ ವಿದ್ಯುತ್ತಿನಿಂದ ಮುಟ್ಟಿ, ಯಾವ ಸ್ಥಳವನ್ನು ಮುಟ್ಟಿದರೆ ಶರೀರದ ಯಾವ ಭಾಗದಲ್ಲಿ ಸ್ಪರ್ಶದ ಅರಿವಾಗುವುದೆಂಬುದನ್ನು ಗುರುತಿಸಿ, ೧೯೩೭ರಲ್ಲಿ ಪ್ರಕಟಿಸಿದನು. ನಮ್ಮ ಶರೀರದ ನಕ್ಷೆಯೊಂದು ಮಿದುಳಿನಲ್ಲಿ ಇರುವುದೆಂದು ಇದರಿಂದ ಸ್ಪಷ್ಟವಾಯಿತು. ಮಲ್ಲೇಶ್ವರದಲ್ಲಿ ಹಳೆಯ ಮನೆಯನ್ನು ಕೆಡವಿ ನೆಲಸಮ ಮಾಡಿದರೂ, ಆ ಮನೆಯ ವಿಳಾಸವು ಅಂಚೆಯವರ ಪುಸ್ತಕದಲ್ಲಿ ಉಳಿದಿದ್ದು, ಅದೇ ಹೆಸರಿಗೆ ಕಾಗದಗಳು ಬರುತ್ತಲೇ ಇರುವುದಿಲ್ಲವೆ? ಅದರಂತೆಯೇ ಕಾಲು ಹೋದರೂ ಕಾಲಿನ ವಿಳಾಸವು ಮಿದುಳಿನಲ್ಲಿ ಉಳಿದಿರುವುದು. ೨೦೨೫ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಕೈ ತೆಗೆಯುವುದಕ್ಕೆ ಮೊದಲೂ ಆ ಬಳಿಕವೂ ಅದೇ ವ್ಯಕ್ತಿಗಳ ಮಿದುಳನ್ನು ಪರೀಕ್ಷಿಸಿದಾಗ, ಕೈಯ ನಕ್ಷೆಯು ಬಹುಮಟ್ಟಿಗೆ ಹಾಗೆಯೇ ಇದ್ದುದು ಕಂಡುಬಂದಿತು. ಇದಲ್ಲದೆ, ಕತ್ತರಿಸಿದ ನರದ ತುದಿಯು ಗಂಟುಕಟ್ಟಿ, ಅಲ್ಲಿಂದ ಸುಳ್ಳು ಸುದ್ದಿಗಳನ್ನು ಮೇಲಕ್ಕೆ ಕಳುಹಿಸುವುದೂ ಉಂಟು. ನಡೆಯೆಂದು ಮಿದುಳು ಇಲ್ಲದ ಪಾದಕ್ಕೆ ಆಜ್ಞೆ ಮಾಡುವುದು; ನಡೆದೆನೆಂಬ ಪ್ರತ್ಯುತ್ತರವು ಬಾರದು. ಆಜ್ಞೆಗೂ ಉತ್ತರಕ್ಕೂ ಹೊಂದಿಕೆ ತಪ್ಪಿದ ಈ ಸ್ಥಿತಿಯೇ ನೋವಾಗಿ ತೋರುವುದೆಂದು ಅನೇಕ ಪಂಡಿತರ ಮತ. ಈ ವಿಷಯದ ಚರ್ಚೆಯು ಇನ್ನೂ ಮುಗಿದಿಲ್ಲ.

ಕನ್ನಡಿಯ ಉಪಾಯವನ್ನು ಲೋಕಕ್ಕೆ ತೋರಿಸಿಕೊಟ್ಟವರು ನಮ್ಮ ನೆರೆಯ ತಮಿಳುನಾಡಿನಲ್ಲಿ ೧೯೫೧ರಲ್ಲಿ ಜನಿಸಿ, ಮದರಾಸಿನ ಸ್ಟ್ಯಾನ್ಲಿ ವೈದ್ಯ ಕಾಲೇಜಿನಲ್ಲಿ ಓದಿ, ಅಮೆರಿಕಾದ ಸ್ಯಾನ್ ಡಿಯಾಗೋ ನಗರದ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದ ಡಾಕ್ಟರ್ ವಿ. ಎಸ್. ರಾಮಚಂದ್ರನ್ ಎಂಬವರು. ಕೈ ಕಳೆದುಕೊಂಡ ಕೆಲವರು, ಇಲ್ಲದ ಕೈಯು ಮುಷ್ಟಿ ಕಟ್ಟಿಕೊಂಡು, ಉಗುರುಗಳು ಅಂಗೈಯನ್ನು ಇರಿಯುತ್ತಿವೆಯೆಂದೂ, ಎಷ್ಟು ಯತ್ನಿಸಿದರೂ ಬೆರಳನ್ನು ಬಿಚ್ಚಲಾಗದೆಂದೂ ಹೇಳುತ್ತಿದ್ದರು. ರಾಮಚಂದ್ರನ್ ಅವರು ಮೇಲ್ಮುಚ್ಚಳವಿಲ್ಲದ ಪೆಟ್ಟಿಗೆಯ ನಡುವೆ ಕನ್ನಡಿಯೊಂದನ್ನು ನಿಲ್ಲಿಸಿ, ಇರುವ ಕೈಯನ್ನು ಕನ್ನಡಿಯ ಮುಂದೆ ಇಡಿಸಿದರು. ಕನ್ನಡಿಯಲ್ಲಿ ಕಾಣುವ ಬಿಂಬವು ಇಲ್ಲದ ಕೈಯ ಸ್ಥಾನದಲ್ಲಿಯೇ ಕೂಡುವುದು. ಇರುವ ಕೈಯ ಮುಷ್ಟಿಯನ್ನು ಬಿಚ್ಚಿದೊಡನೆ, ಬಿಂಬದ ಮುಷ್ಟಿಯೂ ಬಿಚ್ಚುವುದು; ಅದನ್ನು ಕಣ್ಣಿಂದ ಕಂಡ ಮಿದುಳು ತನ್ನ ಆಜ್ಞೆ ನೆರವೇರಿತೆಂದು ನಂಬಿ ಸಮಾಧಾನಗೊಳ್ಳುವುದು. ಹಲವರ ಛಾಯಾಮುಷ್ಟಿಯು ಹೀಗೆ ಸಡಿಲಿತು. ೧೯೯೬ರಲ್ಲಿ ಅವರೂ ಅವರ ಪತ್ನಿ ಡಯಾನ್ ರಾಮಚಂದ್ರನ್ ಅವರೂ ಈ ವಿವರಗಳನ್ನು ವಿಸ್ತಾರವಾಗಿ ಪ್ರಕಟಿಸಿದರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವಂತೆ, ಇದು ಮಾಯೆಯನ್ನು ಮಾಯೆಯಿಂದಲೇ ಕಳೆಯುವ ಚಿಕಿತ್ಸೆ. ‘ಕನ್ನಡಿಯೊಳಗಿನ ಗಂಟು’ ಕೈಗೆ ಬಾರದೆಂಬುದು ನಮ್ಮ ಗಾದೆ. ಕನ್ನಡಿಯೊಳಗಿನ ಕಾಲಾದರೋ ಕೆಲಸಕ್ಕೆ ಬಂದಿತು.

ಈ ಉಪಾಯವು ಪರೀಕ್ಷೆಗೂ ಒಳಗಾಯಿತು. ಅಮೆರಿಕಾದ ಸೈನಿಕ ಆಸ್ಪತ್ರೆಯೊಂದರಲ್ಲಿ ಕಾಲು ಕಳೆದುಕೊಂಡ ೨೨ ಮಂದಿಯನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಕನ್ನಡಿಯನ್ನೂ, ಇನ್ನೊಂದಕ್ಕೆ ಬಟ್ಟೆ ಮುಚ್ಚಿದ ಕನ್ನಡಿಯನ್ನೂ ಕೊಟ್ಟರು. ಮೂರನೆಯ ಗುಂಪಿನವರು ಕಣ್ಣುಮುಚ್ಚಿ ಮನಸ್ಸಿನಲ್ಲಿಯೇ ಕಾಲನ್ನು ಆಡಿಸಬೇಕಾಗಿತ್ತು. ದಿನಕ್ಕೆ ೧೫ ನಿಮಿಷದಂತೆ ೪ ವಾರ ಅಭ್ಯಾಸ ನಡೆಯಿತು. ೨೦೦೭ರಲ್ಲಿ ಪ್ರಕಟವಾದ ಫಲವೇನೆಂದರೆ: ಪೂರ್ಣಗೊಳಿಸಿದ ೧೮ ಮಂದಿಯಲ್ಲಿ, ಕನ್ನಡಿ ನೋಡಿದ ೬ ಮಂದಿಗೂ ನೋವು ಇಳಿಯಿತು, ಮುಚ್ಚಿದ ಕನ್ನಡಿಯ ಗುಂಪಿನಲ್ಲಿ ಒಬ್ಬರಿಗೆ, ಮನಸ್ಸಿನಲ್ಲಿ ಆಡಿಸಿದವರಲ್ಲಿ ಇಬ್ಬರಿಗೆ ಮಾತ್ರ ಇಳಿಯಿತು. ಇಷ್ಟು ಚಿಕ್ಕ ಪರೀಕ್ಷೆಯಿಂದ ಎಲ್ಲರಿಗೂ ಗುಣವಾಗುವುದೆಂದು ಸಾಧಿಸಲಾಗದು. ಮುಂದಿನ ಪರೀಕ್ಷೆಗಳ ಫಲಗಳೂ ಒಂದೇ ತೆರನಾಗಿಲ್ಲ. ಆದರೂ ವೆಚ್ಚವಿಲ್ಲದ, ಅಪಾಯವು ಬಹಳ ಸ್ವಲ್ಪವಾದ ಈ ಸಾಧನವನ್ನು ಮೊದಲು ಪ್ರಯತ್ನಿಸಿ ನೋಡುವುದು ಯುಕ್ತವೇ.

ಕ್ರಮವನ್ನು ಹೇಳುವೆವು. ಗಾಯವು ಪೂರ್ಣವಾಗಿ ಮಾಯ್ದ ಬಳಿಕ, ವೈದ್ಯರ ಅಥವಾ ಫಿಸಿಯೋಥೆರಪಿಯವರ ಅನುಮತಿಯನ್ನು ಪಡೆದೇ ಆರಂಭಿಸತಕ್ಕದ್ದು. ಕಾಲಿನುದ್ದಕ್ಕೂ ಸಾಕಾಗುವ, ಅಂಚಿಗೆ ಚೌಕಟ್ಟು ಕಟ್ಟಿದ, ಬಿರುಕಿಲ್ಲದ ಕನ್ನಡಿ ಬೇಕು. ರೋಗಿಯು ಮಂಚದ ಮೇಲಾಗಲಿ ಚಾಪೆಯ ಮೇಲಾಗಲಿ ಕಾಲು ನೀಡಿ ಕುಳಿತು, ಕನ್ನಡಿಯನ್ನು ಎರಡು ಕಾಲುಗಳ ನಡುವೆ ಉದ್ದಕ್ಕೆ ನಿಲ್ಲಿಸಿಕೊಳ್ಳಬೇಕು. ಕನ್ನಡಿಯ ಮುಖವು ಇರುವ ಕಾಲಿನ ಕಡೆಗಿರಲಿ. ಮೊಂಡು ಅದರ ಹಿಂದೆ ಮರೆಯಾಗಿರಲಿ. ಇರುವ ಕಾಲಿನಲ್ಲಿ ಕಾಲುಂಗುರ, ಕಾಲ್ಗೆಜ್ಜೆ, ದಾರ ಮುಂತಾದುವಿದ್ದರೆ ತೆಗೆದಿಡುವುದು ಒಳ್ಳೆಯದು. ಗುರುತುಗಳು ಕಂಡರೆ ಮಿದುಳು ಮೋಸವನ್ನು ಕಂಡುಹಿಡಿಯುವುದು. ಬಳಿಕ ಬಿಂಬವನ್ನೇ ನೋಡುತ್ತ, ಪಾದವನ್ನು ಮೇಲಕ್ಕೆ ಕೆಳಕ್ಕೆ, ಬಲಕ್ಕೆ ಎಡಕ್ಕೆ ಮೆಲ್ಲನೆ ಆಡಿಸುತ್ತ, ಬೆರಳುಗಳನ್ನು ಮಡಿಚಿ ಬಿಚ್ಚುತ್ತ, ಅದೇ ಕಾಲದಲ್ಲಿ ಇಲ್ಲದ ಪಾದವನ್ನೂ ಹಾಗೆಯೇ ಆಡಿಸಲು ಯತ್ನಿಸಬೇಕು. ದಿನಕ್ಕೆ ೧೫ ನಿಮಿಷ ಸಾಕು. ಆದರೆ ದಿನ ತಪ್ಪಬಾರದು. ತಲೆಸುತ್ತು, ಓಕರಿಕೆ, ಅಥವಾ ನೋವಿನ ಏರಿಕೆ ಕಂಡರೆ ನಿಲ್ಲಿಸಿ ಚಿಕಿತ್ಸಕರಿಗೆ ತಿಳಿಸತಕ್ಕದ್ದು. ಎರಡು ಕಾಲೂ ಇಲ್ಲದವರಿಗೆ ಈ ವಿಧಾನವು ಹೊಂದದು.

ನಮ್ಮ ಮಿತ್ರರ ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿಯು ಮೊದಲ ದಿನ ಕೇಳಿದ ಪ್ರಶ್ನೆ ಇದು: “ತಾತ, ಹೋದ ಕಾಲು ಈಗ ಹೇಗಿದೆ, ನೇರವಾಗಿದೆಯೋ ಮಡಿಚಿಕೊಂಡಿದೆಯೋ?” ಅಷ್ಟು ದಿನಗಳಲ್ಲಿ ಯಾರೂ ಅವರನ್ನು ಹೀಗೆ ಕೇಳಿರಲಿಲ್ಲ. ಪಾದವು ಒಳಕ್ಕೆ ಮುರುಟಿಕೊಂಡಿದೆ, ಹೆಬ್ಬೆರಳು ತಿರುಚಿಕೊಂಡಿದೆ ಎಂದು ಅವರು ಒಡನೆಯೇ ಉತ್ತರ ಕೊಟ್ಟರು. ಸೊಸೆಯು ತನ್ನ ಕೋಣೆಯ ನಿಲುವುಗನ್ನಡಿಯನ್ನು ತಂದಿಟ್ಟಳು. ಎರಡು ಪಾದಗಳನ್ನು ಒಟ್ಟಿಗೆ ಕಂಡ ಮೊದಲ ಕ್ಷಣದಲ್ಲಿ ಆ ಹಿರಿಯರ ಕಣ್ಣು ತುಂಬಿ ಬಂದಿತು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಮನೆಯವರು ಸೆರಗಿನಿಂದ ಮುಖ ಮುಚ್ಚಿಕೊಂಡು, ಕನ್ನಡಿಯನ್ನು ತೆಗೆದುಬಿಡಿ ಎಂದರು. ಇಂತಹ ದುಃಖವು ಸಹಜವೆಂದೂ ಬೇಗನೆ ಇಳಿಯುವುದೆಂದೂ ಹುಡುಗಿಯು ಸಮಾಧಾನ ಹೇಳಿದಳು. ಮೇಲೆ ಹೇಳಿದ ಅಮೆರಿಕಾದ ಪರೀಕ್ಷೆಯಲ್ಲಿಯೂ ಇಬ್ಬರಿಗೆ ಹೀಗೆಯೇ ದುಃಖ ಉಕ್ಕಿಬಂದು, ಎರಡು ನಿಮಿಷದೊಳಗೆ ಶಾಂತವಾಯಿತೆಂದು ಬರೆದಿರುವರು. ಮೂರನೆಯ ವಾರದಲ್ಲಿ ಹೆಬ್ಬೆರಳು ಬಿಚ್ಚಿಕೊಂಡಿತೆಂದು ಮಿತ್ರರು ಹೇಳಿಕಳುಹಿಸಿದರು. ನೋವು ಪೂರ್ತಿಯಾಗಿ ಹೋಗಿಲ್ಲ. ಮಳೆಗಾಲದ ರಾತ್ರಿಗಳಲ್ಲಿ ಮತ್ತೆ ಬರುವುದು. ಆದರೆ ನಿದ್ರೆ ಬರುತ್ತಿದೆ. ನಿದ್ರೆ ಬಂದ ಮೇಲೆ, ಮೂಲೆಯಲ್ಲಿ ಇಟ್ಟಿದ್ದ ಕೃತಕ ಕಾಲನ್ನು ಕಟ್ಟಿಕೊಳ್ಳುವ ಮನಸ್ಸೂ ಬಂದು, ಈಗ ಸಂಜೆ ಮಕ್ಕಳ ಕೂಟದವರೆಗೆ ನಡೆದು ಬರುವರು.

ಕನ್ನಡಿಯಿಂದ ಫಲ ಸಿಗದವರು ನಿರಾಶರಾಗಬೇಕಾಗಿಲ್ಲ. ಮೊಂಡಿಗೆ ಹಿಗ್ಗುವ ಪಟ್ಟಿಯನ್ನು ಚಿಕಿತ್ಸಕರು ಕಲಿಸಿದಂತೆ ಸುತ್ತುವುದು, ಮೆತ್ತನೆಯ ಬಟ್ಟೆಯಿಂದ ತೊಡಗಿ ಕ್ರಮೇಣ ಒರಟು ಬಟ್ಟೆಯಿಂದ ಉಜ್ಜಿ ಚರ್ಮವನ್ನು ಸ್ಪರ್ಶಕ್ಕೆ ಒಗ್ಗಿಸುವುದು, ಇವು ಮನೆಯಲ್ಲಿಯೇ ಆಗತಕ್ಕ ಉಪಚಾರಗಳು. ಟೆನ್ಸ್ ಎಂಬ ಅಂಗೈಯಗಲದ ಯಂತ್ರವು ಚರ್ಮಕ್ಕೆ ಅಂಟಿಸಿದ ಪಟ್ಟಿಗಳ ಮೂಲಕ ಮೃದುವಾದ ವಿದ್ಯುತ್ತನ್ನು ಹಾಯಿಸಿ ಕೆಲವರ ನೋವನ್ನು ತಗ್ಗಿಸುವುದು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಲಾಗದು. ನರಗಳ ನೋವಿಗೆ ಔಷಧಗಳೂ ಉಂಟು. ಅವುಗಳನ್ನು ವೈದ್ಯರ ಚೀಟಿಯಿಲ್ಲದೆ ಸೇವಿಸಬಾರದು. ಅಮೆರಿಕಾದ ಶಿಕಾಗೋ ನಗರದಲ್ಲಿ, ಕತ್ತರಿಸಿದ ನರದ ತುದಿಯನ್ನು ಹತ್ತಿರದ ಸ್ನಾಯುವಿನ ನರಕ್ಕೆ ಹೊಲಿದು, ಅದಕ್ಕೆ ಹೊಸ ಕೆಲಸವನ್ನು ಕೊಡುವ ಶಸ್ತ್ರಚಿಕಿತ್ಸೆಯನ್ನು ೨೦೦೨ರಲ್ಲಿ ಕೃತಕ ಕೈಗಳನ್ನು ನಡೆಸುವ ಸಲುವಾಗಿ ಆರಂಭಿಸಿದರು; ಅದರಿಂದ ನೋವೂ ಇಳಿಯುವುದೆಂದು ಬಳಿಕ ತಿಳಿದುಬಂದಿತು. ಸ್ವೀಡನ್ ದೇಶದ ಸಂಶೋಧಕರು, ಮೊಂಡಿನ ಸ್ನಾಯುಗಳ ಸೂಕ್ಷ್ಮ ವಿದ್ಯುತ್ತನ್ನು ಗ್ರಹಿಸಿ, ರೋಗಿಯು ಮನಸ್ಸಿನಲ್ಲಿ ಆಡಿಸಿದಂತೆಯೇ ಕಂಪ್ಯೂಟರಿನ ತೆರೆಯ ಮೇಲೆ ಕೈಯೊಂದು ಆಡುವಂತೆ ಮಾಡಿದರು. ೨೦೧೬ರಲ್ಲಿ ಪ್ರಕಟವಾದಂತೆ, ಕೈ ಕಳೆದುಕೊಂಡು ಬಹುಕಾಲ ನೊಂದಿದ್ದ ೧೪ ಮಂದಿಯ ನೋವು ೧೨ ಸಲದ ಅಭ್ಯಾಸದಿಂದ ಸುಮಾರು ಅರ್ಧಕ್ಕೆ ಇಳಿಯಿತು. ಆದರೆ ಹೋಲಿಸಿ ನೋಡಲು ಬೇರೊಂದು ಗುಂಪು ಅಲ್ಲಿರಲಿಲ್ಲ. ಇವೆಲ್ಲವೂ ಆ ಬಡ ಕನ್ನಡಿಯ ಸಿರಿವಂತ ಬಂಧುಗಳೆಂದರೆ ತಪ್ಪಾಗದು.

ಸರಿಯಾಗಿ ಕೂಡುವ ಕೃತಕ ಕಾಲೂ ನೋವಿನ ಪರಿಹಾರಕ್ಕೆ ಸಹಾಯಕವಾದುದೇ. ನಡೆದಾಡುವ ಮೊಂಡಿನಿಂದ ಮಿದುಳಿಗೆ ನಿಜವಾದ ಸುದ್ದಿಗಳು ಹೋಗುವುವು. ಬಟ್ಟಲು ಸರಿಯಾಗಿ ಕೂಡದ ಕಾಲಾದರೋ ಹೊಸ ಹುಣ್ಣನ್ನೇ ಉಂಟುಮಾಡುವುದು. ೧೯೬೮ರಲ್ಲಿ ಜೈಪುರದಲ್ಲಿ ಡಾಕ್ಟರ್ ಪಿ. ಕೆ. ಸೇಠಿ ಅವರೂ ಕುಶಲಕರ್ಮಿ ರಾಮಚಂದ್ರ ಶರ್ಮ ಅವರೂ ಸೇರಿ ರೂಪಿಸಿದ ರಬ್ಬರಿನ ಪಾದವು, ಕುಕ್ಕರಗಾಲಿನಲ್ಲಿ ಕೂರಲೂ, ಚಕ್ಕಳಮಕ್ಕಳ ಹಾಕಲೂ, ಬರಿಗಾಲಿನಲ್ಲಿ ನಡೆಯಲೂ ಅನುಕೂಲವಾಗಿ ನಮ್ಮ ದೇಶದ ರೀತಿಗೆ ಹೊಂದಿಕೊಂಡಿತು. ನಮ್ಮ ಬೆಂಗಳೂರಿನ ಜೆ. ಪಿ. ನಗರದಲ್ಲಿರುವ, ೧೯೯೪ರಲ್ಲಿ ಸ್ಥಾಪಿತವಾದ ಮೊಬಿಲಿಟಿ ಇಂಡಿಯಾ ಎಂಬ ಸಂಸ್ಥೆಯು ಕೃತಕ ಅಂಗಗಳನ್ನು ತಯಾರಿಸುವುದಲ್ಲದೆ, ಆ ವಿದ್ಯೆಯನ್ನು ಕಲಿಸುತ್ತಲೂ ಇರುವುದು. ಮದರಾಸಿನ ಐ. ಐ. ಟಿ.ಯವರು ಈ ಸಂಸ್ಥೆಯ ಸಹಯೋಗದೊಂದಿಗೆ ೨೦೨೨ರಲ್ಲಿ ‘ಕದಂ’ ಎಂಬ ಸ್ವದೇಶೀ ಮೊಣಕಾಲಿನ ಕೀಲನ್ನು ಹೊರತಂದರು. ಮೊಳಕಾಲಿನ ಮೇಲೆ ಕಾಲು ಹೋದವರಿಗೆ ಅದು ಉಪಯುಕ್ತ. ಬಡವರಿಗೆ ಇಂತಹ ಉಪಕರಣಗಳನ್ನು ಒದಗಿಸಲು ಕೇಂದ್ರ ಸರ್ಕಾರದ ಅಡಿಪ್ ಯೋಜನೆಯು ೧೯೮೧ರಿಂದ ನಡೆದುಬಂದಿರುವುದು. ಚಾಮರಾಜಪೇಟೆಯ ಮಗ್ಗುಲಲ್ಲಿಯೇ ಇರುವ ವಿಕ್ಟೋರಿಯಾ ಆಸ್ಪತ್ರೆ, ಹೊಸೂರು ರಸ್ತೆಯ ನಿಮ್ಹಾನ್ಸ್ ಮುಂತಾದ ಸರ್ಕಾರಿ ಸಂಸ್ಥೆಗಳಿರುವಾಗ, ಬಸವನಗುಡಿ ಮಲ್ಲೇಶ್ವರಗಳ ನಿವಾಸಿಗಳು ದೂರದ ಊರಿಗೆ ಅಲೆಯಬೇಕಾಗಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದರೆ ಸಾಕು.

ಇನ್ನು ಮನೆಯವರು ನಡೆದುಕೊಳ್ಳತಕ್ಕ ರೀತಿಯನ್ನು ಹೇಳಿ ಮುಗಿಸುವೆವು. ಮೊಂಡು ಕೆಂಪಾಗುವುದು, ಕೀವು, ಜ್ವರ ಇವುಗಳು ಕಂಡರೆ ಅದು ಛಾಯಾಂಗದ ನೋವಲ್ಲ. ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಸಕ್ಕರೆ ಕಾಯಿಲೆಯವರ ಉಳಿದ ಪಾದವನ್ನು ದಿನವೂ ಬೆಳಕಿನಲ್ಲಿ ನೋಡಬೇಕು. ಅವರು ಬರಿಗಾಲಿನಲ್ಲಿ ನಡೆಯಬಾರದು. ರಾತ್ರಿಯಲ್ಲಿ ಎಚ್ಚರವಾದವರು, ಕಾಲು ಇದೆಯೆಂದೇ ನೆಲಕ್ಕೆ ಊರಲು ಹೋಗಿ ಬೀಳುವ ಅಪಾಯವುಂಟು. ಆದುದರಿಂದ ಮಂಚದ ಬಳಿಯಲ್ಲಿ ಊರುಗೋಲೂ ಸಣ್ಣ ದೀಪವೂ ಇರಲಿ. ಶಾಂತಿಯನ್ನು ಮಾಡಿಸುವುದರಿಂದ ಮನಸ್ಸಿಗೆ ಸಮಾಧಾನವಾಗುವುದಾದರೆ ಮಾಡಿಸಲಿ. ಚಿಕಿತ್ಸೆಯನ್ನು ಮಾತ್ರ ಅದಕ್ಕಾಗಿ ತಡೆಯಬಾರದು.

ಎಲ್ಲಕ್ಕಿಂತ ಮೊದಲು ಬೇಕಾದುದು ನಂಬಿಕೆ. ಕನ್ನಡಿಯನ್ನು ತರುವುದಕ್ಕೆ ಮುಂಚೆ, ನೋವು ಇದೆಯೆಂದು ಮನೆಯಲ್ಲಿ ಯಾರಾದರೊಬ್ಬರು ಒಪ್ಪಿಕೊಂಡಿರಬೇಕು. ಇಲ್ಲವಾದರೆ ಕನ್ನಡಿಯನ್ನು ತರುವವರಾದರೂ ಯಾರು? ತಂದೆಯೋ, ಅತ್ತೆಯೋ, ಹರೆಯದ ಮಗನೋ ಅಂಗವೊಂದನ್ನು ಕಳೆದುಕೊಂಡು ಮನೆಗೆ ಬಂದಾಗ, ‘ಇಲ್ಲದ ಕಾಲು ಹೇಗೆ ನೋಯುವುದು?’ ಎಂದು ಕೇಳದೆ, ‘ಎಲ್ಲಿ ನೋಯುತ್ತದೆ? ಹೇಗೆ ನೋಯುತ್ತದೆ?’ ಎಂದು ಕೇಳಿ, ಹೇಳಿದುದನ್ನು ಕುಳಿತು ಕೇಳುವ ಸಂಸಾರಗಳು ನಮ್ಮಲ್ಲಿ ಹೆಚ್ಚಲಿ.